ಹುದ್ದೆ, ಜಾಗ, ಯಂತ್ರ: ಇಆರ್‌ಪಿಯಲ್ಲಿ ಯಾವುದನ್ನು ಎಲ್ಲಿ ಕೂರಿಸಬೇಕು?

ಪ್ರಶ್ನೆ: ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿರುವ ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ), ಪ್ರೈವೇಟ್ ಲಿಮಿಟೆಡ್ ಕಂಪನಿ. ಮಚ್ಛೆಯಲ್ಲಿ ಒಂದು ಮಷೀನಿಂಗ್ ಶೆಡ್, ಕೊಲ್ಹಾಪುರದ ಗೋಕುಳ ಶಿರಗಾಂವದಲ್ಲಿ ಇನ್ನೊಂದು ಮಷೀನಿಂಗ್ ಘಟಕ, ಬೆಂಗಳೂರಿನ ಪೀಣ್ಯದಲ್ಲಿ ಮಾರಾಟ ಕಚೇರಿ ಇವೆ. ಎಲ್ಲ ಸೇರಿ 140 ಜನ. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಸ್ಟಾಕು ಎಕ್ಸೆಲ್‌ನಲ್ಲಿದೆ. ಈಗ ಖರೀದಿ, ಸ್ಟಾಕು, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ತಂತ್ರಾಂಶ ಹಾಕಿಸುತ್ತಿದ್ದೇವೆ. ಅದನ್ನು ಹಾಕಿಕೊಡುವವರು ಹುದ್ದೆಗಳು, ಸ್ಥಳಗಳು, ಯಂತ್ರೋಪಕರಣಗಳು ಎಂದು ಮೂರು ಹಾಳೆ ಕಳಿಸಿ ತುಂಬಿಕೊಡಲು ಹೇಳಿದರು. ಎರಡು ಸಲ ತುಂಬಿ ಕಳಿಸಿದೆವು, ಎರಡೂ ಸಲ ಸರಿಯಿಲ್ಲವೆಂದು ವಾಪಸ್ ಬಂತು. ಏನು ತಪ್ಪಾಗಿದೆ? ಮತ್ತೊಂದು ಪ್ರಶ್ನೆ: ಬಾರ್‌ಕೋಡ್ ಸ್ಕ್ಯಾನರ್, ಸರ್ವರ್ ಮೊದಲಾದವನ್ನು ಈಗಲೇ ಕೊಳ್ಳಬೇಕೆ?

ಉತ್ತರ: ನೀವು ಕಳಿಸಿದ ಹಾಳೆಗಳನ್ನು ನಾನು ನೋಡಿಲ್ಲವಾದರೂ ಅವುಗಳಲ್ಲಿ ಏನಿರುತ್ತದೆ ಎಂಬುದನ್ನು ಊಹಿಸಬಲ್ಲೆ, ಏಕೆಂದರೆ ಮೊದಲ ಸಲ ಎಲ್ಲರೂ ಹಾಗೆಯೇ ತುಂಬುತ್ತಾರೆ. ಹುದ್ದೆಗಳ ಹಾಳೆ ಸಂಬಳದ ಪಟ್ಟಿಯಿಂದ ಬಂದಿರುತ್ತದೆ, ಸ್ಥಳಗಳ ಹಾಳೆ ಬಾಡಿಗೆ ಕರಾರು ಮತ್ತು ವಿದ್ಯುತ್ ಬಿಲ್ಲುಗಳಿಂದ ಬಂದಿರುತ್ತದೆ, ಯಂತ್ರಗಳ ಹಾಳೆ ಲೆಕ್ಕಪರಿಶೋಧಕರಿಗೆ ಕೊಡುವ ಸ್ಥಿರಾಸ್ತಿ ಪಟ್ಟಿಯಿಂದ ಬಂದಿರುತ್ತದೆ. ಮೂರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಪಟ್ಟಿಗಳೇ. ಆದರೆ ತಂತ್ರಾಂಶಕ್ಕೆ ಬೇಕಾಗಿರುವುದು ನಿಮ್ಮಲ್ಲಿ ಏನೇನು ಇದೆ ಎಂಬುದಲ್ಲ. ಪ್ರತಿಯೊಂದು ನಮೂದನ್ನು ಯಾರು, ಎಲ್ಲಿ ನಿಂತು, ಯಾವ ಸಾಧನದಿಂದ ಮಾಡುತ್ತಾರೆ ಎಂಬುದು. ಆದ್ದರಿಂದ ಮೂರು ಹಾಳೆಗಳನ್ನು ಪಕ್ಕಕ್ಕಿಟ್ಟು ಒಂದೇ ಹಾಳೆಯಿಂದ ಶುರುಮಾಡಿ. ಅದರ ಪ್ರತಿ ಸಾಲೂ ಒಂದು ಕಾಗದವಾಗಿರಲಿ: ಗೇಟ್ ಪಾಸ್, ತೂಕದ ಚೀಟಿ, ಚಲನ್ (ಮಾಲಿನ ಜೊತೆ ಹೋಗುವ ರವಾನೆ ಚೀಟಿ), ಹೀಟ್ ವರದಿ (ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಲೋಹದ ವರದಿ), ಬಿಲ್ಲು. ಈಗ ನಿಮ್ಮ ಕಾರ್ಖಾನೆಯಲ್ಲಿ ಓಡಾಡುವ ಕಾಗದಗಳೇ ನಿಮ್ಮ ಸಂಸ್ಥೆಯ ನಿಜವಾದ ನಕ್ಷೆ.

ಒಂದು ಗುಜರಿ ಲಾರಿಯ ಹಿಂದೆ ನಡೆದು ನೋಡೋಣ. ಲಾರಿ ಉದ್ಯಮಬಾಗದ ಗೇಟಿಗೆ ಬರುತ್ತದೆ. ಕಾವಲುಗಾರ ರಿಜಿಸ್ಟರಿನಲ್ಲಿ ಗಾಡಿ ನಂಬರು, ವೇಳೆ ಬರೆಯುತ್ತಾನೆ. ಲಾರಿ ವೇಬ್ರಿಡ್ಜ್ ಏರುತ್ತದೆ, ತುಂಬಿದ ತೂಕ ಸಿಗುತ್ತದೆ. ಮಾಲು ಇಳಿಯುವಾಗ ಸ್ಟೋರ್ಸಿನವರು ಇದು ಸಿಆರ್‌ಸಿ (ಉಕ್ಕಿನ ತೆಳು ತಗಡಿನ) ಚೂರೋ, ಬೋರಿಂಗೋ (ಯಂತ್ರದಲ್ಲಿ ಕೊರೆದಾಗ ಬಿದ್ದ ಚೂರು), ತುಕ್ಕು ಹಿಡಿದ ಮಿಶ್ರ ಗುಜರಿಯೋ ಎಂದು ಕಣ್ಣಿನಲ್ಲೇ ಅಳೆಯುತ್ತಾರೆ. ಖಾಲಿ ಲಾರಿ ಮತ್ತೆ ವೇಬ್ರಿಡ್ಜ್ ಏರುತ್ತದೆ, ನಿವ್ವಳ ತೂಕ ಬರುತ್ತದೆ. ಮಾರಿದವರ ಚೀಟಿಯಲ್ಲಿ 18,460 ಕೆಜಿ, ನಿಮ್ಮ ಚೀಟಿಯಲ್ಲಿ 18,390 ಕೆಜಿ ಎಂದಿಟ್ಟುಕೊಳ್ಳಿ. ಇಂಥ ವೇಬ್ರಿಡ್ಜ್‌ಗಳ ಕನಿಷ್ಠ ಹೆಜ್ಜೆಯೇ ಸಾಮಾನ್ಯವಾಗಿ 5 ಅಥವಾ 10 ಕೆಜಿ ಇರುವುದರಿಂದ ಅಲ್ಪಸ್ವಲ್ಪ ವ್ಯತ್ಯಾಸ ಸಹಜ. ಆದರೆ 70 ಕೆಜಿಯನ್ನು ಬಿಡಬೇಕೇ, ಬಿಲ್ಲಿನಲ್ಲಿ ಕಡಿತ ಮಾಡಬೇಕೇ ಎಂದು ಯಾರೋ ಒಬ್ಬರು ತೀರ್ಮಾನಿಸಬೇಕು. ಆ ‘ಯಾರೋ ಒಬ್ಬರು’ ನಿಮ್ಮ ಹುದ್ದೆಗಳ ಹಾಳೆಯಲ್ಲಿ ಇದ್ದಾರೆಯೇ? ಬಹುಶಃ ಇರುವುದಿಲ್ಲ. ‘ಸ್ಟೋರ್ಸ್ ಇನ್‌ಚಾರ್ಜ್’ ಎಂಬ ಹೆಸರು ಇರುತ್ತದೆ, ‘ತೂಕದ ವ್ಯತ್ಯಾಸ ಒಪ್ಪುವವರು’ ಎಂಬುದು ಇರುವುದಿಲ್ಲ. ತಂತ್ರಾಂಶ ಕೇಳುತ್ತಿರುವುದು ಎರಡನೆಯದನ್ನು.

ಈ ಒಂದು ಲಾರಿಯಿಂದಲೇ ಐದಾರು ಸಾಲು ಹುಟ್ಟುತ್ತವೆ. ಇದೇ ರೀತಿ ಕೊಲ್ಹಾಪುರಕ್ಕೆ ಹೋಗುವ ಎರಕದ ಮಾಲಿನ ಹಿಂದೆ, ಹೊರಗೆ ಜಾಬ್ ವರ್ಕಿಗೆ (ನಿಮ್ಮ ಮಾಲಿನ ಮೇಲೆ ಹೊರಗಿನವರಿಂದ ಮಾಡಿಸುವ ಕೆಲಸಕ್ಕೆ) ಹೋಗಿ ಬರುವ ಮಾಲಿನ ಹಿಂದೆ, ಗಿರಾಕಿ ತಿರಸ್ಕರಿಸಿ ವಾಪಸ್ ಕಳಿಸಿದ ಮಾಲಿನ ಹಿಂದೆ ಒಮ್ಮೊಮ್ಮೆ ನಡೆದರೆ ನಿಮ್ಮ ಹಾಳೆಯಲ್ಲಿ ನಲವತ್ತು ಐವತ್ತು ಸಾಲುಗಳಾಗುತ್ತವೆ. ಅಷ್ಟೇ ಸಾಕು. ಆ ಸಾಲುಗಳಿಂದ ಮೂರು ಪಟ್ಟಿಗಳನ್ನು ಇಳಿಸಿಕೊಂಡರೆ ಅವು ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ.

ಈಗ ಜಾಗದ ವಿಷಯ. ನಿಮ್ಮಂಥ ಸಂಸ್ಥೆಗಳು ಅತಿ ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ‘ಸ್ಥಳ’ ಎಂಬ ಒಂದೇ ಪದದೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಅರ್ಥಗಳಿವೆ: ಕಾನೂನಿನ ಜಾಗ, ಕೆಲಸ ನಡೆಯುವ ಜಾಗ, ಮಾಲು ಇರುವ ಜಾಗ, ಖರ್ಚು ಬೀಳುವ ಜಾಗ.

ಕಾನೂನಿನ ಜಾಗ ಎಂದರೆ ಮೊದಲಿಗೆ ಜಿಎಸ್‌ಟಿ ನೋಂದಣಿ. ಜಿಎಸ್‌ಟಿಐಎನ್‌ನ ಹದಿನೈದು ಅಂಕಿ–ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಮುಂದಿನ ಹತ್ತು ಕಂಪನಿಯ ಪ್ಯಾನ್. ನಿಮ್ಮ ಉದ್ಯಮಬಾಗ, ಮಚ್ಛೆ, ಪೀಣ್ಯ ಮೂರೂ ಸಾಮಾನ್ಯವಾಗಿ 29ರಿಂದ ಶುರುವಾಗುವ ಒಂದೇ ನೋಂದಣಿಯ ಕೆಳಗೆ ಮುಖ್ಯ ಮತ್ತು ಹೆಚ್ಚುವರಿ ವ್ಯವಹಾರ ಸ್ಥಳಗಳಾಗಿ ಇರುತ್ತವೆ. ಕೊಲ್ಹಾಪುರ 27ರಿಂದ ಶುರುವಾಗುವ ಬೇರೆ ನೋಂದಣಿ. ಪ್ಯಾನ್ ಒಂದೇ, ಕಂಪನಿ ಒಂದೇ, ಬ್ಯಾಲೆನ್ಸ್ ಶೀಟ್ ಒಂದೇ. ಆದರೂ ಜಿಎಸ್‌ಟಿ ಕಾನೂನಿನ ಕಣ್ಣಿಗೆ ಬೆಳಗಾವಿ ಮತ್ತು ಕೊಲ್ಹಾಪುರ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಹಾಗಾಗಿ ಉದ್ಯಮಬಾಗದಿಂದ ಮಚ್ಛೆಗೆ ಎರಕದ ಮಾಲು ಹೋದರೆ ಚಲನ್ ಸಾಕು, ತೆರಿಗೆಯಿಲ್ಲ. ಅದೇ ಮಾಲು ಗಡಿ ದಾಟಿ ಗೋಕುಳ ಶಿರಗಾಂವಕ್ಕೆ ಹೋದರೆ ನಿಮ್ಮ ಒಂದು ಘಟಕ ನಿಮ್ಮದೇ ಇನ್ನೊಂದು ಘಟಕಕ್ಕೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿ) ಹಾಕಿದ ಇನ್‌ವಾಯ್ಸ್ ಮಾಡಬೇಕು. ಮಾಲಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಚೀಟಿ) ಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಿದ ಇನ್‌ವಾಯ್ಸ್) ಕೂಡ ಬೇಕು. ಎರಡೂ ಜಾಗಗಳನ್ನು ಬರೀ ‘ಗೋದಾಮು’ ಎಂದು ಬರೆದುಕೊಟ್ಟರೆ ತಂತ್ರಾಂಶ ಇವೆರಡರ ನಡುವಿನ ವ್ಯತ್ಯಾಸವನ್ನು ಅರಿಯದೆ ಎರಡಕ್ಕೂ ಚಲನ್ ಮುದ್ರಿಸಿ ಕೊಡುತ್ತದೆ, ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ ಲಾರಿ ಅಲ್ಲೇ ನಿಲ್ಲುತ್ತದೆ.

ಇನ್‌ವಾಯ್ಸ್ ಸಂಖ್ಯೆಯೂ ಇದೇ ಜಾಗಕ್ಕೆ ಕಟ್ಟಿದ್ದು. ನಿಯಮದ ಪ್ರಕಾರ ಅದು 16 ಅಂಕಿ–ಅಕ್ಷರಗಳನ್ನು ಮೀರಬಾರದು, ಅನುಕ್ರಮವಾಗಿರಬೇಕು, ಒಂದು ಹಣಕಾಸು ವರ್ಷದಲ್ಲಿ ಪುನರಾವರ್ತನೆಯಾಗಬಾರದು. ಆದರೆ ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಇಟ್ಟುಕೊಳ್ಳಬಹುದು. ಉದ್ಯಮಬಾಗಕ್ಕೊಂದು, ಮಚ್ಛೆಗೊಂದು, ಕೊಲ್ಹಾಪುರಕ್ಕೊಂದು ಸರಣಿ ಇಡಿ. ಒಂದೇ ಸರಣಿಯನ್ನು ಎರಡು ಶೆಡ್ಡಿನವರು ಹಂಚಿಕೊಂಡರೆ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ಒಂದೇ ನಂಬರಿಗೆ ಕಾಯುತ್ತಾ ಕೂರುವ ದೃಶ್ಯವನ್ನು ನೀವೇ ನೋಡುತ್ತೀರಿ.

ಕಾನೂನಿನ ಜಾಗಕ್ಕೆ ಇನ್ನೊಂದು ಮುಖವಿದೆ, ಅದು ಕೆಲಸಗಾರರದು. ಕಾರ್ಖಾನೆ ಪರವಾನಗಿ ಆವರಣಕ್ಕೊಂದು. ಕನಿಷ್ಠ ಕೂಲಿ, ವೃತ್ತಿ ತೆರಿಗೆ, ಕಡ್ಡಾಯ ರಜೆ ಇವೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನು ಕಂಡ ಒಂದು ಸಂಸ್ಥೆಯಲ್ಲಿ ರಜೆಪಟ್ಟಿಯನ್ನು ಇಡೀ ಕಂಪನಿಗೆ ಸೇರಿಸಿ ಒಂದೇ ಸಲ ತುಂಬಿದ್ದರು. ನವೆಂಬರ್ 1ರಂದು ಕರ್ನಾಟಕದ ಘಟಕಗಳಿಗೆ ರಾಜ್ಯೋತ್ಸವದ ರಜೆ; ಮಹಾರಾಷ್ಟ್ರದ ಘಟಕದಲ್ಲಿ ಎಂದಿನಂತೆ ಕೆಲಸ ನಡೆಯಿತು. ತಿಂಗಳ ಕೊನೆಗೆ ಅಲ್ಲಿದ್ದವರಿಗೆಲ್ಲ ರಜೆಯ ದಿನ ದುಡಿದದ್ದಕ್ಕೆ ಎರಡು ಪಟ್ಟು ಕೂಲಿ ಎಂದು ತಂತ್ರಾಂಶ ಲೆಕ್ಕ ಹಾಕಿತ್ತು. ಕೆಲಸಗಾರರು ತಕರಾರು ಮಾಡಲಿಲ್ಲ ಎಂಬುದು ಬೇರೆ ಮಾತು.

ಮಾಲು ಇರುವ ಜಾಗ ಕಟ್ಟಡವಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ನಿಮ್ಮ ಪೀಣ್ಯದ ಕಚೇರಿ ಕಟ್ಟಡವಾಗಿದ್ದರೂ ಅಲ್ಲಿ ಮಾಲು ಇಲ್ಲದಿದ್ದರೆ ಅದು ಸ್ಟಾಕಿನ ಜಾಗವೇ ಅಲ್ಲ; ಅದನ್ನು ಖರ್ಚಿನ ಕೇಂದ್ರವೆಂದು ಮಾತ್ರ ಇಡಬೇಕು. ಮಾದರಿ ತೋರಿಸಲು ಹತ್ತು ಪೀಸು ಇಟ್ಟಿದ್ದರೆ ಆಗ ಮಾತ್ರ ಒಂದು ಚಿಕ್ಕ ಜಾಗ ತೆರೆಯಿರಿ. ಇದಕ್ಕೆ ವಿರುದ್ಧವಾಗಿ, ಉದ್ಯಮಬಾಗದ ಒಂದೇ ಕಾಂಪೌಂಡಿನೊಳಗೆ ಏಳೆಂಟು ಜಾಗಗಳಿವೆ: ಗುಜರಿ ಅಂಗಳ, ಮರಳು ಮತ್ತು ಬೆಂಟೊನೈಟ್ (ಮರಳನ್ನು ಹಿಡಿದಿಡುವ ಜೇಡಿಮಣ್ಣು) ಕೋಣೆ, ಕೋರ್ (ಎರಕದೊಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು) ವಿಭಾಗ, ಫೆಟ್ಲಿಂಗ್‌ಗೆ (ಅಂಚು ಕಡಿದು ಶುಚಿ ಮಾಡಲು) ಕಾದಿರುವ ಎರಕದ ರಾಶಿ, ತಪಾಸಣೆಗೆ ಕಾದಿರುವುದು, ತಿರಸ್ಕೃತ, ರವಾನೆಗೆ ಸಿದ್ಧ. ಇವುಗಳ ನಡುವೆ ಗೋಡೆ ಇರಬೇಕಾಗಿಲ್ಲ. ಮಾಲಿನ ಸ್ಥಿತಿ ಬದಲಾಯಿತು, ಅದರ ಜವಾಬ್ದಾರಿ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು ಎಂದಾದರೆ ಅಲ್ಲಿ ಜಾಗ ಬದಲಾಯಿತು ಎಂದೇ ಅರ್ಥ. ಹಾಗೆಂದು ಪ್ರತಿ ಕಪಾಟಿಗೂ ಜಾಗ ತೆರೆಯಲು ಹೋಗಬೇಡಿ. ಒಂದು ಜಾಗದಿಂದ ಇನ್ನೊಂದಕ್ಕೆ ಮಾಲು ಹೋದಾಗ ಯಾರೂ ನಮೂದು ಮಾಡುವುದಿಲ್ಲ ಎಂದು ನಿಮಗೆ ಗೊತ್ತಿದ್ದರೆ ಆ ಎರಡನ್ನೂ ಒಂದೇ ಜಾಗ ಮಾಡಿಬಿಡಿ. ಸುಳ್ಳು ಹೇಳುವ ಹತ್ತು ಜಾಗಗಳಿಗಿಂತ ನಿಜ ಹೇಳುವ ನಾಲ್ಕು ಜಾಗ ಮೇಲು.

ಫೌಂಡ್ರಿಗೆಂದೇ ವಿಶೇಷವಾದ ಮೂರು ಜಾಗಗಳನ್ನು ಸಾಮಾನ್ಯ ತಂತ್ರಾಂಶದವರು ತಾವಾಗಿ ಕೇಳುವುದಿಲ್ಲ, ನೀವೇ ಹೇಳಬೇಕು. ಮೊದಲನೆಯದು ರನ್ನರ್, ರೈಸರ್ (ಅಚ್ಚಿಗೆ ಲೋಹ ಹರಿಯುವ, ತುಂಬುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿದದ್ದು) ಮೊದಲಾದ ವಾಪಸ್ ಲೋಹದ್ದು. ಅದನ್ನು ಕೊಂಡು ತಂದದ್ದಲ್ಲ, ಎಸೆದದ್ದೂ ಅಲ್ಲ; ಮುಂದಿನ ಹೀಟಿಗೆ ಮತ್ತೆ ಕುಲುಮೆಗೆ ಹೋಗುತ್ತದೆ. ಅದಕ್ಕೆ ಬೇರೆ ಐಟಂ ಮತ್ತು ಬೇರೆ ಜಾಗ ಇಲ್ಲದಿದ್ದರೆ ಕರಗುವಾಗ ಆಗುವ ನಷ್ಟವೂ ಕಳ್ಳತನವೂ ಒಂದೇ ಅಂಕಿಯೊಳಗೆ ಅಡಗಿ ಕೂರುತ್ತವೆ. ಎರಡನೆಯದು ಗಿರಾಕಿಗಳ ಪ್ಯಾಟರ್ನ್‌ಗಳು (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿಗಳು) ಇರುವ ಅಟ್ಟ. ಅವು ನಿಮ್ಮ ಆಸ್ತಿಯಲ್ಲ. ಬೆಲೆ ಸೊನ್ನೆ ಇಟ್ಟು, ಯಾವ ಗಿರಾಕಿಯದು ಎಂದು ಗುರುತಿಟ್ಟು ಪ್ರತ್ಯೇಕ ಜಾಗದಲ್ಲಿ ನಮೂದಿಸಿ. ಮೂರನೆಯದು ಜಾಬ್ ವರ್ಕ್ ಮಾಡುವವರ ಅಂಗಡಿಗಳು. ಅಲ್ಲಿರುವ ಮಾಲು ನಿಮ್ಮದೇ, ಜಾಗ ಮಾತ್ರ ಅವರದು. ಜಿಎಸ್‌ಟಿ ಕಾನೂನಿನಂತೆ ಜಾಬ್ ವರ್ಕಿಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು, ಇಲ್ಲವಾದರೆ ಕಳಿಸಿದ ದಿನವೇ ಮಾರಿದಂತೆ ಎಣಿಕೆಯಾಗುತ್ತದೆ. ಅಷ್ಟೇ ಅಲ್ಲ, ಬೇರೆ ರಾಜ್ಯದಲ್ಲಿರುವವರಿಗೆ ಜಾಬ್ ವರ್ಕಿಗೆ ಕಳಿಸುವಾಗ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಕಡ್ಡಾಯ. ಪ್ರತಿ ಜಾಬ್ ವರ್ಕರಿಗೂ ಒಂದೊಂದು ಜಾಗ ತೆರೆದಿದ್ದರೆ ಮಾತ್ರ ಯಾರ ಬಳಿ ಯಾವ ತಾರೀಖಿನ ಚಲನ್ ಬಾಕಿ ಇದೆ ಎಂಬುದು ಒಂದು ಗುಂಡಿಯಲ್ಲಿ ಸಿಗುತ್ತದೆ.

ಇನ್ನು ಹುದ್ದೆಗಳು. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಎರಡು ಪದಗಳಿವೆ, ಹುದ್ದೆ ಮತ್ತು ಪಾತ್ರ. ಅವುಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಿದರೆ ಅರ್ಧ ಗೊಂದಲ ತೀರುತ್ತದೆ. ಹುದ್ದೆ ಎಂದರೆ ನೇಮಕಪತ್ರದಲ್ಲಿರುವುದು, ಸಂಬಳ ಮತ್ತು ಬಡ್ತಿಗೆ ಸಂಬಂಧಪಟ್ಟದ್ದು. ಪಾತ್ರ ಎಂದರೆ ತಂತ್ರಾಂಶದೊಳಗೆ ಇಂಥ ಕಾಗದವನ್ನು ತೆರೆಯಬಹುದು, ಬರೆಯಬಹುದು, ಒಪ್ಪಬಹುದು, ರದ್ದು ಮಾಡಬಹುದು ಎಂಬ ಅಧಿಕಾರದ ಕಟ್ಟು. ಕಂಪನಿ ನಾಟಕಗಳಲ್ಲಿ ಒಬ್ಬನೇ ನಟ ಮೊದಲ ಅಂಕದಲ್ಲಿ ಸಾರಥಿಯಾಗಿ, ಮೂರನೆಯ ಅಂಕದಲ್ಲಿ ಮಂತ್ರಿಯಾಗಿ ಬರುವುದುಂಟಲ್ಲ. ನಿಮ್ಮಲ್ಲಿಯೂ ‘ಮ್ಯಾನೇಜರ್’ ಎಂಬ ಹುದ್ದೆಯಲ್ಲಿರುವವರು ಬೆಳಿಗ್ಗೆ ಖರೀದಿ ಆದೇಶ ಬರೆದು, ಮಧ್ಯಾಹ್ನ ರವಾನೆಗೆ ಸಹಿ ಹಾಕಿ, ಸಂಜೆ ಕುಲುಮೆಯ ಬಳಿ ನಿಂತಿರುತ್ತಾರೆ. ಅವರಿಗೆ ‘ಮ್ಯಾನೇಜರ್’ ಎಂಬ ಒಂದು ಪಾತ್ರ ಸೃಷ್ಟಿಸುವುದು ತಪ್ಪು. ‘ಖರೀದಿ ಬರೆಯುವವರು’, ‘ರವಾನೆ ಒಪ್ಪುವವರು’, ‘ಹೀಟ್ ವರದಿ ನೋಡುವವರು’ ಎಂಬ ಮೂರು ಪಾತ್ರಗಳನ್ನು ಅವರೊಬ್ಬರಿಗೇ ಕೊಡುವುದು ಸರಿ. ನಾಳೆ ಖರೀದಿಗೆಂದು ಬೇರೊಬ್ಬರು ಬಂದಾಗ ಆ ಒಂದು ಪಾತ್ರವನ್ನು ಮಾತ್ರ ಬಿಚ್ಚಿ ಹೊಸಬರಿಗೆ ತೊಡಿಸಬಹುದು. ಪಾತ್ರದ ಹೆಸರಿನಲ್ಲಿ ಕ್ರಿಯಾಪದ ಇರಲಿ ಎಂಬುದು ನಾನು ಎಲ್ಲರಿಗೂ ಹೇಳುವ ಚಿಕ್ಕ ಉಪಾಯ. ಕ್ರಿಯಾಪದ ಸಿಗದಿದ್ದರೆ ನೀವು ಬರೆದದ್ದು ಪಾತ್ರವಲ್ಲ, ಹುದ್ದೆ.

ಪಾತ್ರವನ್ನು ಜಾಗದೊಡನೆ ಗುಣಿಸಬೇಡಿ. ‘ಉದ್ಯಮಬಾಗ ಸ್ಟೋರ್ಸ್’, ‘ಮಚ್ಛೆ ಸ್ಟೋರ್ಸ್’, ‘ಕೊಲ್ಹಾಪುರ ಸ್ಟೋರ್ಸ್’ ಎಂದು ಬರೆಯಲು ಹೊರಟರೆ ಒಂಬತ್ತು ಪಾತ್ರಗಳು ನಾಲ್ಕು ಜಾಗಗಳಲ್ಲಿ ಮೂವತ್ತಾರಾಗುತ್ತವೆ, ಐದನೆಯ ಜಾಗ ಬಂದ ದಿನ ನಲವತ್ತೈದಾಗುತ್ತವೆ. ಏನು ಮಾಡಬಹುದು ಎಂಬುದು ಪಾತ್ರ; ಎಲ್ಲಿ ಮಾಡಬಹುದು ಎಂಬುದು ಆ ವ್ಯಕ್ತಿಗೆ ಹಾಕಿದ ಎಲ್ಲೆ. ಎಲ್ಲ ಮುಖ್ಯ ತಂತ್ರಾಂಶಗಳಲ್ಲೂ ಇವೆರಡಕ್ಕೆ ಬೇರೆ ಬೇರೆ ಕೀಲಿಗಳಿವೆ. ಇಆರ್‌ಪಿನೆಕ್ಸ್ಟ್‌ನಲ್ಲಿ ‘ರೋಲ್’ ಒಂದು ಕಡೆ, ‘ಯೂಸರ್ ಪರ್ಮಿಷನ್’ ಇನ್ನೊಂದು ಕಡೆ. ಓಡೂದಲ್ಲಿ ಗ್ರೂಪುಗಳು ಮತ್ತು ರೆಕಾರ್ಡ್ ರೂಲ್‌ಗಳು. ಎಸ್‌ಎಪಿಯಲ್ಲಿ ಒಂದು ಮೂಲ ರೋಲ್ ಮಾಡಿ, ಪ್ಲಾಂಟ್ ಸಂಖ್ಯೆಯನ್ನು ಮಾತ್ರ ಬದಲಿಸಿ ಅದರಿಂದ ಉಳಿದವನ್ನು ಇಳಿಸಿಕೊಳ್ಳುವ ವ್ಯವಸ್ಥೆಯಿದೆ.

ಒಬ್ಬರ ಬಳಿಯೇ ಸೇರಬಾರದ ಪಾತ್ರಗಳೂ ಇವೆ. ಹೊಸ ಸರಬರಾಜುದಾರರನ್ನು ದಾಖಲಿಸುವುದು, ಖರೀದಿ ಆದೇಶ ಕೊಡುವುದು, ಮಾಲು ಬಂತೆಂದು ನಮೂದಿಸುವುದು, ಬಿಲ್ಲು ಪಾಸು ಮಾಡುವುದು, ಹಣ ಪಾವತಿಸುವುದು — ಈ ಐದೂ ಒಬ್ಬರ ಕೈಯಲ್ಲಿದ್ದರೆ ಬಾರದ ಗುಜರಿಗೆ, ಇಲ್ಲದ ವ್ಯಾಪಾರಿಗೆ ಹಣ ಹೋಗಲು ಅಡ್ಡಿಯೇ ಇರುವುದಿಲ್ಲ. ದೊಡ್ಡ ಕಂಪನಿಯಲ್ಲಿ ಐದು ಜನ ಇರುತ್ತಾರೆ. ನಿಮ್ಮ ಕಚೇರಿಯಲ್ಲಿ ಪ್ರಾಯಶಃ ಇಬ್ಬರು ಮೂವರು. ಹಾಗಿದ್ದಲ್ಲಿ ಕನಿಷ್ಠ ಎರಡು ಜಾಗ ಕತ್ತರಿಸಿ: ತೂಕ ನಮೂದಿಸುವವರು ಬಿಲ್ಲು ಪಾಸು ಮಾಡಬಾರದು, ಸರಬರಾಜುದಾರರ ಬ್ಯಾಂಕ್ ಖಾತೆ ಸಂಖ್ಯೆ ಬದಲಿಸುವವರು ಪಾವತಿ ಮಾಡಬಾರದು. ಉಳಿದದ್ದಕ್ಕೆ ಯಜಮಾನರೇ ತಿಂಗಳಿಗೊಮ್ಮೆ ಹೊಸ ಸರಬರಾಜುದಾರರ ಪಟ್ಟಿಯನ್ನೂ ಬದಲಾದ ಖಾತೆಗಳ ಪಟ್ಟಿಯನ್ನೂ ಕಣ್ಣಾಡಿಸಲಿ.

ಒಂದು ಲಾಗಿನ್ನಿಗೆ ಒಬ್ಬರೇ ಇರಬೇಕು ಎಂಬುದನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ. ನಾನು ಕೆಲಸ ಮಾಡಿಕೊಟ್ಟ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸಿನ ಪಾಸ್‌ವರ್ಡನ್ನು ಕ್ಯಾಲೆಂಡರಿನ ಅಂಚಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿದ್ದರು; ಮೂರು ಪಾಳಿಯವರೂ ಅದನ್ನೇ ಬಳಸುತ್ತಿದ್ದರು. ಆರು ಟನ್ ಬೀಡುಕಬ್ಬಿಣದ ನಮೂದನ್ನು ರಾತ್ರಿ ಒಂದೂವರೆಗೆ ಯಾರೋ ರದ್ದು ಮಾಡಿದ್ದು ತಂತ್ರಾಂಶದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ರದ್ದು ಮಾಡಿದವರ ಹೆಸರು ‘ಸ್ಟೋರ್ಸ್’ ಎಂದಿತ್ತು. ಅಷ್ಟಕ್ಕೇ ತನಿಖೆ ಮುಗಿಯಿತು. ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆ. 2023ರ ಏಪ್ರಿಲ್ 1ರಿಂದ ಲೆಕ್ಕಪತ್ರದ ತಂತ್ರಾಂಶವು ಪ್ರತಿ ನಮೂದಿನ ಪ್ರತಿ ಬದಲಾವಣೆಯನ್ನೂ ದಾಖಲಿಸಬೇಕು, ಆ ದಾಖಲಾತಿಯನ್ನು ನಿಲ್ಲಿಸಿಡಲು ಬರಬಾರದು ಎಂಬ ನಿಯಮ ನಿಮಗೆ ಅನ್ವಯಿಸುತ್ತದೆ, ಲೆಕ್ಕಪರಿಶೋಧಕರು ಅದರ ಬಗ್ಗೆ ವರದಿ ಮಾಡಲೇಬೇಕು. ದಾಖಲೆ ಇದ್ದೂ ಹೆಸರು ಮನುಷ್ಯರದಲ್ಲದಿದ್ದರೆ ಅದು ಅಕ್ಷರಶಃ ನಿಯಮ ಪಾಲಿಸಿದಂತಾಗಬಹುದು, ಉಪಯೋಗಕ್ಕೆ ಬಾರದು.

ಯಂತ್ರಗಳ ಹಾಳೆಗೆ ಬರೋಣ. ಸ್ಥಿರಾಸ್ತಿ ಪಟ್ಟಿಯನ್ನು ಇಲ್ಲಿ ಹಾಗೆಯೇ ಸುರಿಯುವುದು ಏಕೆ ತಪ್ಪೆಂದರೆ, ಆ ಪಟ್ಟಿಯ ಚಿಂತೆ ಖರೀದಿ ಬೆಲೆ ಮತ್ತು ಸವಕಳಿ. ನಿಮಗೆ ಬೇಕಾದ ಚಿಂತೆ ಬೇರೆ. ಯಂತ್ರಗಳನ್ನು ಮಾಡುವವು, ಅಳೆಯುವವು, ಬರೆಯುವವು ಎಂದು ವಿಂಗಡಿಸಿ.

ಇಂಡಕ್ಷನ್ ಕುಲುಮೆ, ಮೋಲ್ಡಿಂಗ್ ಯಂತ್ರ, ಶಾಟ್ ಬ್ಲಾಸ್ಟಿಂಗ್ (ಉಕ್ಕಿನ ಕಾಳು ಹೊಡೆದು ಎರಕ ಶುಚಿ ಮಾಡುವ ಯಂತ್ರ), ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಷೀನಿಂಗ್ ಯಂತ್ರ) ಇವು ಮಾಡುವವು. ತಂತ್ರಾಂಶದಲ್ಲಿ ಇವು ‘ವರ್ಕ್ ಸ್ಟೇಷನ್’ ಅಥವಾ ‘ವರ್ಕ್ ಸೆಂಟರ್’ ಆಗುತ್ತವೆ. ಗಂಟೆಗೆ ಎಷ್ಟು ಸಾಮರ್ಥ್ಯ, ಗಂಟೆಗೆ ಎಷ್ಟು ಖರ್ಚು ಎಂಬುದು ಇವುಗಳ ವಿವರ. ಒಂದೇ ರೀತಿಯ ನಾಲ್ಕು ವಿಎಂಸಿಗಳು ಆಸ್ತಿಯಾಗಿ ನಾಲ್ಕು, ಕೆಲಸದ ಕೇಂದ್ರವಾಗಿ ಒಂದು ಗುಂಪು. ಒಂದು ಪವರ್ ಪ್ಯಾಕಿಗೆ (ವಿದ್ಯುತ್ ಕೊಡುವ ಘಟಕಕ್ಕೆ) ಎರಡು ಕ್ರೂಸಿಬಲ್ (ಲೋಹ ಕರಗಿಸುವ ಪಾತ್ರೆ) ಇರುವ ಕುಲುಮೆಯಾದರೆ ಆಸ್ತಿಯಾಗಿ ಒಂದೇ ಬಿಲ್ಲಿನದಾದರೂ, ಯಾವ ಕ್ರೂಸಿಬಲ್ಲಿನ ಲೈನಿಂಗ್ (ಒಳಪದರ) ಎಷ್ಟು ಹೀಟ್ ಬಾಳಿತು ಎಂದು ತಿಳಿಯಲು ಎರಡನ್ನೂ ಬೇರೆ ಬೇರೆ ಗುರುತಿಸಬೇಕು. ಕುಲುಮೆಯ ಪ್ರತಿ ಹೀಟ್ ನಂಬರೂ ತಂತ್ರಾಂಶದ ಬ್ಯಾಚ್ ನಂಬರ್ ಆಗಬೇಕು. ಗಿರಾಕಿ ಎರಡು ವರ್ಷದ ನಂತರ ಬಿರುಕು ಬಿಟ್ಟ ಒಂದು ಪೀಸು ಹಿಡಿದು ಬಂದಾಗ ಆ ನಂಬರಿನಿಂದಲೇ ನೀವು ಗುಜರಿ ಲಾರಿಯವರೆಗೆ ಹಿಂದಕ್ಕೆ ನಡೆಯಬೇಕಾಗುತ್ತದೆ.

ವೇಬ್ರಿಡ್ಜ್, ಪ್ಲಾಟ್‌ಫಾರ್ಮ್ ತಕ್ಕಡಿ, ಸ್ಪೆಕ್ಟ್ರೋಮೀಟರ್ (ಲೋಹದಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಉಪಕರಣ), ವಿದ್ಯುತ್ ಮೀಟರ್ ಇವು ಅಳೆಯುವವು. ಇವು ಸಾಕ್ಷಿಗಳಿದ್ದಂತೆ. ಸಾಕ್ಷಿಗೆ ವಿಳಾಸ ಬೇಕು, ನಂಬಿಕೆಯ ಗಡುವು ಬೇಕು. ಆದ್ದರಿಂದ ಪ್ರತಿ ಅಳತೆಯ ಉಪಕರಣದ ಸಾಲಿನಲ್ಲಿ ಅದು ಯಾವ ಜಾಗಕ್ಕೆ ಸೇರಿದ್ದು, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಅಥವಾ ಕ್ಯಾಲಿಬ್ರೇಷನ್ ಯಾವ ತಾರೀಖಿನವರೆಗೆ ಊರ್ಜಿತ ಎಂಬ ಎರಡು ಕಲಂ ಇರಲೇಬೇಕು. ಗಡುವು ಮುಗಿದ ತಕ್ಕಡಿಯಿಂದ ತೂಕ ಬಂದರೆ ತಂತ್ರಾಂಶ ಎಚ್ಚರಿಸುವಂತೆ ಮಾಡಿಸಿ. ವೇಬ್ರಿಡ್ಜಿನ ಸೂಚಕದಿಂದ ಅಂಕಿ ಸಾಮಾನ್ಯವಾಗಿ ಹಳೆಯ ಸೀರಿಯಲ್ ಪೋರ್ಟಿನ ತಂತಿಯ ಮೂಲಕ ಹೊರಬರುತ್ತದೆ. ಅದನ್ನು ಓದಿ ಇಆರ್‌ಪಿಗೆ ದಾಟಿಸಲು ತೂಕದ ಕೋಣೆಯ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಇರಬೇಕಾಗುತ್ತದೆ. ಆಗ ತೂಕದ ಅಂಕಣವನ್ನು ಕೈಯಲ್ಲಿ ತುಂಬಲು ಬಾರದಂತೆ ಮುಚ್ಚಿಬಿಡಬಹುದು. ಈ ಒಂದು ಕೆಲಸದಿಂದ ಗುಜರಿ ಖರೀದಿಯಲ್ಲಿ ಉಳಿಯುವ ಹಣ ಉಳಿದೆಲ್ಲ ಯಂತ್ರಜೋಡಣೆಗಿಂತ ಹೆಚ್ಚು ಎಂಬುದು ನನ್ನ ಅನುಭವ. ತಂತಿ ಕೆಟ್ಟ ದಿನ ಕೈಯಲ್ಲಿ ತುಂಬಲು ಒಂದು ಪ್ರತ್ಯೇಕ ಪಾತ್ರವಿರಲಿ, ಅದು ತೂಕದ ಕೋಣೆಯವರ ಬಳಿ ಇರದಿರಲಿ.

ವಿದ್ಯುತ್ ಮೀಟರನ್ನು ಬಹಳ ಜನ ಪಟ್ಟಿಯಿಂದ ಬಿಟ್ಟೇಬಿಡುತ್ತಾರೆ. ಫೌಂಡ್ರಿಯಲ್ಲಿ ಲೋಹದ ನಂತರದ ದೊಡ್ಡ ಖರ್ಚುಗಳಲ್ಲಿ ವಿದ್ಯುತ್ತೂ ಒಂದು. ಒಂದು ಟನ್ ಕಬ್ಬಿಣ ಕರಗಿಸಲು ಇಂಡಕ್ಷನ್ ಕುಲುಮೆ ಸುಮಾರು 600 ಯೂನಿಟ್ ತೆಗೆದುಕೊಳ್ಳುತ್ತದೆ. ಉದ್ಯಮಬಾಗದ್ದು ಹೆಸ್ಕಾಂನ ಆರ್‌ಆರ್ ನಂಬರು, ಕೊಲ್ಹಾಪುರದ್ದು ಅಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಗ್ರಾಹಕ ಸಂಖ್ಯೆ. ಇವೆರಡನ್ನೂ ಜಾಗದ ವಿವರದಲ್ಲಿ ಬರೆದಿಡಿ, ಕುಲುಮೆಗೆ ಪ್ರತ್ಯೇಕ ಉಪಮೀಟರ್ ಇದ್ದರೆ ಅದನ್ನು ಕುಲುಮೆಯ ಸಾಲಿಗೆ ಜೋಡಿಸಿ.

ಮೂರನೆಯ ಗುಂಪು ಬರೆಯುವವು: ಕಂಪ್ಯೂಟರ್, ಟ್ಯಾಬ್, ಸ್ಕ್ಯಾನರ್, ಪ್ರಿಂಟರ್, ಹಾಜರಿ ಯಂತ್ರ. ಇವು ವ್ಯಕ್ತಿಗೆ ಸೇರಿದವಲ್ಲ, ಜಾಗಕ್ಕೆ ಸೇರಿದವು. ‘ರವಾನೆ ಪ್ರಿಂಟರ್, ಮಚ್ಛೆ’ ಎಂದಿರಬೇಕೇ ಹೊರತು ಈಗ ಅಲ್ಲಿ ಕೂರುವವರ ಹೆಸರಿನಲ್ಲಿ ಇರಬಾರದು. ಮಚ್ಛೆಯ ಚಲನ್ ಉದ್ಯಮಬಾಗದ ಪ್ರಿಂಟರಿನಲ್ಲಿ ಹೊರಬರುವುದು ನೀವು ತಿಳಿದುಕೊಂಡಷ್ಟು ಅಪರೂಪವಲ್ಲ. ಹಾಜರಿ ಯಂತ್ರದ ವಿಷಯದಲ್ಲಿ ಎರಡು ಮಾತು. ಯಂತ್ರದೊಳಗೆ ಪ್ರತಿ ಕೆಲಸಗಾರನಿಗೂ ಒಂದು ಸಂಖ್ಯೆ ಇರುತ್ತದೆ, ಸಂಬಳದ ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಎರಡನ್ನೂ ಜೋಡಿಸುವ ಕೋಷ್ಟಕ ಮಾಡದೆ ಮುಂದೆ ಹೋಗಬೇಡಿ. ಹಾಗೆಯೇ ಮರಳಿನಲ್ಲಿ ವರ್ಷಗಟ್ಟಲೆ ಕೈಯಾಡಿಸಿದ ಮೋಲ್ಡರುಗಳ ಬೆರಳಿನ ಗೆರೆಗಳು ಸವೆದಿರುತ್ತವೆ. ಬೆರಳಚ್ಚು ಯಂತ್ರದ ಮುಂದೆ ಅವರು ನಾಲ್ಕು ಸಲ ಬೆರಳೊತ್ತಿ, ಐದನೆಯ ಸಲ ಪ್ಯಾಂಟಿಗೆ ಒರೆಸಿಕೊಂಡು ಒತ್ತಿ, ಕೊನೆಗೆ ಕಾವಲುಗಾರನ ಮುಖ ನೋಡುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಆ ವಿಭಾಗಕ್ಕೆ ಮುಖ ಗುರುತಿಸುವ ಯಂತ್ರವೋ ಕಾರ್ಡೋ ಇರಲಿ.

ತಂತ್ರಾಂಶದವರ ಪದಗಳೊಂದಿಗೆ ನಿಮ್ಮ ಪದಗಳನ್ನು ಹೊಂದಿಸುವ ಕೆಲಸ ಇದಾದ ಮೇಲೆ ಸುಲಭ. ಟ್ಯಾಲಿಯಲ್ಲಿ ನೀವು ಬಲ್ಲ ‘ಗೋಡೌನ್’ ಎಂಬುದು ಇಆರ್‌ಪಿನೆಕ್ಸ್ಟ್‌ನಲ್ಲಿ ‘ವೇರ್‌ಹೌಸ್’, ಅಲ್ಲಿ ಅದು ಮರದಂತೆ ಕವಲೊಡೆಯಬಲ್ಲದು. ಎಸ್‌ಎಪಿಯಲ್ಲಿ ಅದೇ ‘ಪ್ಲಾಂಟ್’ ಮತ್ತು ಅದರ ಕೆಳಗಿನ ‘ಸ್ಟೋರೇಜ್ ಲೊಕೇಶನ್’ ಎಂದು ಎರಡಾಗುತ್ತದೆ. ಓಡೂದಲ್ಲಿ ‘ವೇರ್‌ಹೌಸ್’ ಮತ್ತು ‘ಲೊಕೇಶನ್’. ಕೊಲ್ಹಾಪುರವನ್ನು ಬೇರೆ ‘ಕಂಪನಿ’ ಎಂದು ತೆರೆಯಲು ಯಾರಾದರೂ ಹೇಳಿದರೆ ಒಪ್ಪುವ ಮೊದಲು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಕಾನೂನಿನಲ್ಲಿ ಒಂದೇ ಆಗಿರುವ ಕಂಪನಿಯನ್ನು ಜಿಎಸ್‌ಟಿ ಅನುಕೂಲಕ್ಕೆಂದು ಎರಡು ಮಾಡಿದರೆ ವರ್ಷಾಂತ್ಯದಲ್ಲಿ ಎರಡನ್ನೂ ಹೊಲಿಯುವ ಕೆಲಸ ಅವರ ತಲೆಗೇ ಬರುತ್ತದೆ. ಜಾಗ, ಯಂತ್ರಗಳಿಗೆ ಕೊಡುವ ಸಂಕೇತಗಳಲ್ಲಿ ಬದಲಾಗುವ ಸಂಗತಿ ಸೇರಿಸಬೇಡಿ. ಶೆಡ್ಡಿನ ಮಾಲೀಕರ ಹೆಸರು, ಮೇಲ್ವಿಚಾರಕರ ಹೆಸರು, ಮಹಡಿ ಸಂಖ್ಯೆ ಇವು ಸಂಕೇತದೊಳಗೆ ಬಂದರೆ ಅವು ಬದಲಾದ ಮೇಲೂ ನಿಮ್ಮನ್ನು ಕಾಡುತ್ತವೆ. ಸಂಕೇತ ಚಿಕ್ಕದಾಗಿರಲಿ, ವಿವರಣೆ ಕನ್ನಡದಲ್ಲೂ ಕೊಲ್ಹಾಪುರಕ್ಕೆ ಮರಾಠಿಯಲ್ಲೂ ಇರಲಿ. ಈಗಿನ ತಂತ್ರಾಂಶಗಳಿಗೆ ಯೂನಿಕೋಡ್ ಹೊಸದಲ್ಲ.

ಕೊನೆಯ ಪ್ರಶ್ನೆ, ಈಗಲೇ ಕೊಳ್ಳಬೇಕೇ ಎಂಬುದು. ಸ್ಕ್ಯಾನರುಗಳನ್ನು ಕೊಳ್ಳಬೇಡಿ. ಬಿಸಿ ಎರಕದ ಮೇಲೆ, ಮರಳು ಮತ್ತು ಶಾಟ್ ಬ್ಲಾಸ್ಟಿಂಗ್ ನಡುವೆ, ಕಾಗದದ ಲೇಬಲ್ ಒಂದು ಪಾಳಿಯೂ ಬಾಳುವುದಿಲ್ಲ. ಅಲ್ಲಿ ಹೀಟ್ ನಂಬರನ್ನು ಎರಕದ ಮೇಲೆಯೇ ಮೂಡಿಸುವ ಈಗಿನ ಪದ್ಧತಿಯೇ ಸರಿ. ಬಾರ್‌ಕೋಡಿನ ಉಪಯೋಗ ಶುರುವಾಗುವುದು ಮಷೀನಿಂಗ್ ಮುಗಿದು ಪೆಟ್ಟಿಗೆಗೆ ಬಿದ್ದ ಮೇಲೆ, ಅಂದರೆ ಮಚ್ಛೆ ಮತ್ತು ಕೊಲ್ಹಾಪುರದಲ್ಲಿ. ಮೊದಲ ಮೂರು ತಿಂಗಳು ಕಳೆದ ಮೇಲೆ ತಲಾ ಒಂದು ಸ್ಕ್ಯಾನರು, ಒಂದು ಲೇಬಲ್ ಪ್ರಿಂಟರು ತಂದು ನೋಡಿ. ಸರ್ವರಿನ ಬಗ್ಗೆ ತೀರ್ಮಾನ ಏನೇ ಇರಲಿ, ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನ ಭಾರತದೊಳಗೆ ಇರುವ ಸರ್ವರಿನಲ್ಲಿ ಉಳಿಯಬೇಕೆಂದು ಕಂಪನಿ ಲೆಕ್ಕಪತ್ರ ನಿಯಮಗಳು ಹೇಳುತ್ತವೆ. ಕ್ಲೌಡ್ ಕೊಡುವವರಿಂದ ಇದನ್ನು ಬರಹದಲ್ಲಿ ಪಡೆಯಿರಿ.

ಈಗ ಕೊಳ್ಳಬೇಕಾದದ್ದು ಎರಡೇ: ತೂಕದ ಕೋಣೆಯ ಕಂಪ್ಯೂಟರಿಗೆ ಒಂದು ಒಳ್ಳೆಯ ಯುಪಿಎಸ್, ಸೂಚಕದಿಂದ ಕಂಪ್ಯೂಟರಿಗೆ ಒಂದು ಸರಿಯಾದ ಸೀರಿಯಲ್ ತಂತಿ. ಹಾಳೆಯನ್ನು ಮೂರನೆಯ ಸಲ ಕಳಿಸುವ ಮೊದಲು ಕಳೆದ ತಿಂಗಳ ಫೈಲಿನಿಂದ ಇಪ್ಪತ್ತು ಕಾಗದಗಳನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಿ. ಪ್ರತಿಯೊಂದರಲ್ಲೂ ಯಾರು, ಎಲ್ಲಿ, ಯಾವುದರಿಂದ ಎಂಬ ಮೂರಕ್ಕೂ ನಿಮ್ಮ ಪಟ್ಟಿಯಲ್ಲಿ ಒಂದೊಂದೇ ಉತ್ತರ ಸಿಗುತ್ತದೆಯೇ ನೋಡಿ. ಎರಡು ಉತ್ತರ ಸಿಕ್ಕ ಕಡೆ, ಉತ್ತರವೇ ಸಿಗದ ಕಡೆ ಕೆಂಪು ಗುರುತು ಹಾಕಿ ಆ ಸಾಲುಗಳನ್ನು ಮಾತ್ರ ತಂತ್ರಾಂಶದವರೊಡನೆ ಎದುರು ಕೂತು ಮಾತಾಡಿ.